ನಗಬಾರದ ಮಂಗಳವಾರ

ಮಂಗಳವಾರ ಬೆಳಿಗ್ಗೆ ಏಳೂವರೆಗೆ ಲೈಲ್ ಕುಚೆರಾ ನಕ್ಕ. ತಾಪತ್ರಯ ಶುರುವಾದದ್ದು ಅಲ್ಲಿಂದ.

ದೊಡ್ಡ ನಗುವೇನಲ್ಲ. ಅಕ್ಕ ವರ್ನಾಳ ಹೋಟೆಲಿನಲ್ಲಿ, ಕಿಟಕಿ ಪಕ್ಕದ ಮಾಮೂಲು ಮೇಜಿನಲ್ಲಿ ಕೂತು ಮೊಟ್ಟೆಯ ಮೇಲೆ ಮೆಣಸಿನಪುಡಿ ಉದುರಿಸುತ್ತಿದ್ದವನಿಗೆ ಏನೋ ನೆನಪಾಗಿ ತುಟಿಯ ಎಡತುದಿ ಒಂದು ಚೂರು ಮೇಲೆ ಹೋಯಿತು. ಅದರ ಹಿಂದೆಯೇ ಬಲತುದಿಯೂ ಹೋಯಿತು. ನಡುವೆ ಎರಡು ಹಲ್ಲು ಕಂಡವು. ಅಷ್ಟೇ. ಆದರೆ ಟಿಲ್ಡರ್ ಊರಿನವರು ಆ ಹಲ್ಲುಗಳನ್ನು ನೋಡಿ ಒಂಬತ್ತು ವರ್ಷವಾಗಿತ್ತು. ಸೈನ್ಯದಲ್ಲಿ ಹೆಲಿಕಾಪ್ಟರ್ ರಿಪೇರಿ ಮಾಡುತ್ತಿದ್ದ ಲೈಲ್, ಮೊಣಕಾಲಿನ ಕೆಳಗಿನ ಎಡಗಾಲನ್ನು ದೂರದ ಮರಳುಗಾಡಿನಲ್ಲಿ ಬಿಟ್ಟು ಬಂದಾಗ ನಗುವನ್ನೂ ಅಲ್ಲೇ ಎಲ್ಲೋ ಮರೆತು ಬಂದಿರಬೇಕೆಂದು ಊರು ತೀರ್ಮಾನಿಸಿ ಸುಮ್ಮನಾಗಿತ್ತು. ಅವನೂ ಅದನ್ನು ಅಲ್ಲಗಳೆಯಲು ಹೋಗಿರಲಿಲ್ಲ. ದುಃಖವೆಂದೇನಲ್ಲ, ಸುಸ್ತು. ಕಾಲು ಹೋದ ಸುಸ್ತು ಹೇಗೋ ಕಳೆದಿತ್ತು. ಕಾಲು ಹೋಗಿದೆ, ಮತ್ತೆ ಬೆಳೆದಿಲ್ಲ ಎಂದು ವರ್ಷವರ್ಷವೂ ಕಾಗದದ ಮೇಲೆ ಬರೆದುಕೊಡುವ ಸುಸ್ತು ಮಾತ್ರ ಕಳೆದಿರಲಿಲ್ಲ.

ಪಕ್ಕದ ಮೇಜಿನ ಆರ್ಡಿತ್ ಮೇಡಂ ಫೋರ್ಕು ಕೆಳಗಿಟ್ಟರು. ಮೂವತ್ತೊಂದು ವರ್ಷ ಊರಿನ ಅಂಚೆ ಕಚೇರಿ ನಡೆಸಿ ಅವರು ನಿವೃತ್ತರಾಗಿದ್ದರು. ಬೇರೆಯವರ ಕಾಗದಪತ್ರಗಳಿಂದ ಮಾತ್ರ ಇನ್ನೂ ನಿವೃತ್ತರಾಗಿರಲಿಲ್ಲ.

"ಲೈಲ್, ನೀನೀಗ ನಕ್ಕೆಯಾ?"

"ಇಲ್ಲ ಮೇಡಂ."

"ನಕ್ಕೆ. ನಾನೇ ನೋಡ್ದೆ. ವರ್ನಾ, ನಿನ್ನ ತಮ್ಮ ನಕ್ಕ!"

ಕಾಫಿ ಜಗ್ಗು ಹಿಡಿದು ಬಂದ ವರ್ನಾ, ಬೆಂದಿದೆಯೋ ಇಲ್ಲವೋ ಎಂದು ಕೇಕನ್ನು ನೋಡುವ ಹಾಗೆ ತಮ್ಮನ ಮುಖ ನೋಡಿದಳು. "ನಗ್ಲಿ ಬಿಡಿ. ಇವತ್ತು ಆ ಮೇಡಂ ಬರ್ತಾರಲ್ಲ, ಅದಕ್ಕೇ ಖುಷಿ ಅವನಿಗೆ."

"ನಾನು ಹೇಳ್ತಿರೋದೂ ಅದಕ್ಕೇ. ನಾಳೆ ನಗ್ಲಿ, ನಾಡಿದ್ದು ಹೊಟ್ಟೆ ಹಿಡ್ಕೊಂಡು ನಗ್ಲಿ. ಇವತ್ತು ನಗಬಾರದು!"

ಆ ಮೇಡಂ ಎಂದರೆ ಮಾಜಿ ಸೈನಿಕರ ಸಲಹಾಧಿಕಾರಿ ಮಿಸೆಸ್ ಪಚೇಕೊ. ಯುದ್ಧದಲ್ಲಿ ಅಂಗ ಕಳೆದುಕೊಂಡು ಬಂದವರಿಗೆ ಹೊಸ ಕಸುಬು ಕಲಿಸುವ ಸರ್ಕಾರಿ ಸವಲತ್ತೊಂದಿತ್ತು. ಅದರಡಿ ವಿಮಾನ ಹಾರಿಸಲು ಕಲಿಯುತ್ತೇನೆಂದು ಲೈಲ್ ಅರ್ಜಿ ಹಾಕಿದ್ದ. ಕಲಿತು ಬಂದರೆ, ಊರಾಚೆ ಹೊಲಗಳಿಗೆ ವಿಮಾನದಿಂದ ಮದ್ದು ಸಿಂಪಡಿಸುವ ಡೆಲ್ಮಾರ್ ಕೆಲಸ ಕೊಡುವುದಾಗಿ ಒಪ್ಪಿದ್ದ. ಒಂದು ಕಾಲು ಕೃತಕವಾದರೂ ಇವನು ಹಾರಿಸಬಲ್ಲ ಎಂದು ವೈದ್ಯರಿಂದ ಬರೆಸಿಕೊಳ್ಳುವುದಕ್ಕೇ ಹದಿನಾಲ್ಕು ತಿಂಗಳು ಹಿಡಿದಿತ್ತು. ಈಗ ಉಳಿದದ್ದು ಇದೊಂದೇ. ಹತ್ತು ಗಂಟೆಗೆ ಮಿಸೆಸ್ ಪಚೇಕೊ ಬರುತ್ತಾರೆ, ನೋಡುತ್ತಾರೆ, ಬರೆಯುತ್ತಾರೆ. ಅವರು ಹೂಂ ಎಂದರೆ ಲೈಲ್‌ಗೆ ಆಕಾಶ. ಉಹೂಂ ಎಂದರೆ ಅಕ್ಕನ ಹೋಟೆಲಿನ ಹಿತ್ತಲಲ್ಲಿ ಪಾತ್ರೆ ತೊಳೆಯುವ ಯಂತ್ರದ ಮುಂದೆ ಇನ್ನೂ ಮೂವತ್ತು ವರ್ಷ.

ಎಂಟು ವರ್ಷ ಸೈನ್ಯದಲ್ಲಿ ಅವನು ಬೇರೆಯವರು ಹಾರಿಸುವ ಯಂತ್ರಗಳ ಗಾಜು ಒರೆಸಿದ್ದ, ಬೋಲ್ಟು ಬಿಗಿದಿದ್ದ, ಬಾಗಿಲು ಹಾಕಿ ಹಿಂದೆ ಸರಿದು ನಿಂತು ಕೈ ಬೀಸಿದ್ದ. ಕಳೆದ ಗುರುವಾರ ಡೆಲ್ಮಾರ್ ಮೊದಲ ಸಲ ಅವನ ಕೈಗೆ ವಿಮಾನ ಕೊಟ್ಟಿದ್ದ. ಮೊಟ್ಟೆಗೆ ಮೆಣಸಿನಪುಡಿ ಹಾಕುವಾಗ ನೆನಪಾದದ್ದು ಅದು.

ಆರ್ಡಿತ್ ಮೇಡಂ ಕೈಚೀಲ ತೆರೆದರು. ಅದರೊಳಗೆ ಇನ್ನೂ ಒಂದು ಅಂಚೆ ಕಚೇರಿ ಇತ್ತು. ನಾಲ್ಕಾಗಿ ಮಡಚಿದ ಕಾಗದವನ್ನು ಬಿಡಿಸಿ, ಕನ್ನಡಕ ಏರಿಸಿ ಓದಿದರು. "'ವಿನೋದಾರ್ಥವಾದ ಕಲಿಕೆಗೆ ಈ ಸವಲತ್ತು ಅನ್ವಯಿಸುವುದಿಲ್ಲ.' ಕೇಳಿದ್ಯಾ? ವಿನೋದಾರ್ಥ! ಹಂಗಂದ್ರೇನು?"

"ಮೋಜಿಗೆ ಅಂತ," ಎಂದಳು ವರ್ನಾ.

"ಮೋಜು ಮಾಡೋನು ಏನು ಮಾಡ್ತಾನೆ?"

ವರ್ನಾ ತಮ್ಮನ ಕಡೆ ನೋಡಿದಳು.

"ನಗ್ತಾನೆ!" ಎಂದರು ಆರ್ಡಿತ್, ಮೇಜು ಕುಟ್ಟಿ. "ನನ್ನ ಚಿಕ್ಕಮ್ಮನ ಮೊಮ್ಮಗಳ ಗಂಡ, ಪಕ್ಕದ ಜಿಲ್ಲೆಯೋನು, ಅವನಿಗೂ ಸೊಂಟದಲ್ಲಿ ಬಾಂಬಿನ ಚೂರು ಹೊಕ್ಕಿತ್ತು. ಇದೇ ಅರ್ಜಿ ಹಾಕ್ದ. ವಿಮಾನದ ಪಕ್ಕ ನಿಂತ್ಕೊಂಡು ಹೆಬ್ಬೆರಳು ಎತ್ತಿ, ಹಲ್ಲು ಕಿರಿದು ಒಂದು ಫೋಟೋ ತೆಗೆಸ್ಕೊಂಡು ಅರ್ಜಿ ಜತೆ ಕಳಿಸ್ದ. ಏನಾಯ್ತು ಗೊತ್ತಾ? ಅರ್ಜಿ ವಾಪಸ್. ಈಗ ಟೈರ್ ಅಂಗಡೀಲಿದಾನೆ."

ಆ ಅರ್ಜಿಗೆ ಅವನು ಸಹಿ ಹಾಕುವುದನ್ನೇ ಮರೆತಿದ್ದನೆಂಬ ಇನ್ನೊಂದು ವರದಿಯೂ ಊರಿನಲ್ಲಿತ್ತು. ಅದನ್ನು ನೆನಪಿಸುವ ಧೈರ್ಯ ಯಾರಿಗೂ ಬರಲಿಲ್ಲ.

ಲೈಲ್ ಮೊಟ್ಟೆಯ ತಟ್ಟೆ ಸರಿಸಿದ. "ನಾನು ನಗೋದಿಲ್ಲ ಬಿಡಿ ಮೇಡಂ. ಒಂಬತ್ತು ವರ್ಷ ನಕ್ಕಿಲ್ಲ. ಇನ್ನು ನಾಲ್ಕು ಗಂಟೆ ಕಷ್ಟಾನಾ?"

"ಒಂಬತ್ತು ವರ್ಷ ನಿಂಗೆ ನಗೋಕೆ ಕಾರಣ ಇರ್ಲಿಲ್ಲ ಕಣೋ," ಎಂದಳು ವರ್ನಾ. ಹೇಳಿದ ಮೇಲೆ ತಾನು ಹೇಳಿದ್ದು ಕಿವಿಗೆ ಬಿದ್ದು, ಸುಮ್ಮನೆ ಅವನ ಕಪ್ಪಿಗೆ ಕಾಫಿ ಸುರಿದಳು. ಅದು ಆಗಲೇ ತುಂಬಿತ್ತು.

ಮೂಲೆಯ ಮೇಜಿನಿಂದ ನಾರ್ಬರ್ಟ್ ಎದ್ದು ಬಂದರು. ಬಂದದ್ದು ಯಾರಿಗೂ ಕೇಳಿಸಲಿಲ್ಲ, ಅವರ ಕಸುಬೇ ಹಾಗೆ. ನಲವತ್ತು ವರ್ಷಗಳಿಂದ ಟಿಲ್ಡರ್‌ನಲ್ಲಿ ಯಾರು ಸತ್ತರೂ ತಲೆ ಬಾಚಿ, ಕೋಟು ತೊಡಿಸಿ, ಪೆಟ್ಟಿಗೆಯಲ್ಲಿ ಮಲಗಿಸಿ ಗೌರವವಾಗಿ ಮಣ್ಣಿಗೆ ಕಳಿಸುವವರು ಅವರೇ. ಬೆನ್ನು ನೋವು ಬಂದ ಮೇಲೆ ಒಬ್ಬ ಸಹಾಯಕ ಬೇಕೆಂದು ಬಾಗಿಲಿಗೆ ಅಂಟಿಸಿದ ಚೀಟಿ ಬಿಸಿಲಿಗೆ ಮಾಸಿ ಓದಲಾಗದಂತಾಗಿತ್ತು.

"ಮಗಾ," ಎಂದರು ಮೆಲುದನಿಯಲ್ಲಿ, "ಮೊದಲು ಆ ಅಂಗಿ ತೆಗಿ."

ಲೈಲ್ ತನ್ನ ಎದೆ ನೋಡಿಕೊಂಡ. ವರ್ನಾ ಹುಟ್ಟುಹಬ್ಬಕ್ಕೆ ತಂದುಕೊಟ್ಟ ಅಂಗಿ. ಅದರ ಮೇಲೆ ಮೀಸೆ ಹೊತ್ತ ವಿಮಾನವೊಂದು ಕಣ್ಣು ಹೊಡೆಯುತ್ತಿತ್ತು.

ಹತ್ತು ನಿಮಿಷದಲ್ಲಿ ನಾರ್ಬರ್ಟ್ ತಮ್ಮ ಅಂತ್ಯಸಂಸ್ಕಾರದ ಮನೆಯಿಂದ ಒಂದು ಬಿಳಿ ಅಂಗಿ, ಒಂದು ಕಪ್ಪು ಕೋಟು, ಒಂದು ಕಪ್ಪು ಟೈ ತಂದರು. ಕೋಟು ಮುಂದಿನಿಂದ ಚೆನ್ನಾಗಿ ಕೂತಿತು. ಲೈಲ್ ಬೆನ್ನಿನ ಮೇಲೆ ಕೈಯಾಡಿಸಿದರೆ ಹಿಂದೆ ಉದ್ದಕ್ಕೆ ಒಂದು ಸೀಳು, ಅದಕ್ಕೆ ಲಾಡಿ. ಪೆಟ್ಟಿಗೆಯಲ್ಲಿ ಮಲಗಿದವರಿಗೆ ತೊಡಿಸಲೆಂದೇ ಹೊಲಿದ ಕೋಟು.

"ನಾರ್ಬರ್ಟ್, ಇದು..."

"ಹೊಸದು, ಹೊಸದು. ಇನ್ನೂ ಯಾರಿಗೂ ಹಾಕಿಲ್ಲ. ಬೆನ್ನು ಮಾತ್ರ ತೋರಿಸ್ಬೇಡ." ಲಾಡಿ ಬಿಗಿಯುತ್ತ ಅವರು ಕಸುಬಿನ ಗುಟ್ಟನ್ನೂ ಹೇಳಿಕೊಟ್ಟರು. "ನಂಗೂ ಮೊದಮೊದಲು ನಗು ತಡೆಯೋಕಾಗ್ತಿರ್ಲಿಲ್ಲ. ಗಂಭೀರವಾಗಿರ್ಬೇಕು ಅಂದಾಗ್ಲೇ ಬರೋದು ಹಾಳಾದ್ದು. ನಮ್ಮಪ್ಪ ಒಂದು ಉಪಾಯ ಹೇಳ್ದ. ನಗು ಬಂತು ಅಂದ್ರೆ ತಲೆ ಬಗ್ಗಿಸಿ ಬೂಟಿನ ಲೇಸಿನ ತೂತು ಎಣಿಸು. ಅದಕ್ಕೂ ಬಗ್ಗದಿದ್ರೆ ಕೆನ್ನೆಯ ಒಳಗಡೆ ಕಚ್ಚಿ ಹಿಡಿ. ನೋಡೋರಿಗೆ ಭಾರೀ ದುಃಖದಲ್ಲಿರೋ ಹಂಗೆ ಕಾಣುತ್ತೆ."

ಲೈಲ್ ಬೂಟು ನೋಡಿಕೊಂಡ. ಒಂದೊಂದರಲ್ಲಿ ಹನ್ನೆರಡು ತೂತು.

ಅಷ್ಟರಲ್ಲಿ ಆರ್ಡಿತ್ ತಮ್ಮ ಕಾರು ತೆಗೆದುಕೊಂಡು ಡೆಲ್ಮಾರ್‌ನ ವಿಮಾನದ ಶೆಡ್ಡಿಗೆ ಹೊರಟುಹೋಗಿದ್ದರು. ಡೆಲ್ಮಾರ್ ಸಲಹಾಧಿಕಾರಿಗೆ ಕೊಡಲೆಂದು ಒಂದು ಪತ್ರ ಬರೆದಿಟ್ಟಿದ್ದ: 'ಲೈಲ್ ವಿಮಾನ ಹಿಡಿದಾಗ ಅವನ ಮುಖ ನೋಡಬೇಕು, ಹೊಸ ಸೈಕಲ್ ಸಿಕ್ಕ ಮಗುವಿನ ಹಾಗಿರುತ್ತದೆ.' ಆರ್ಡಿತ್ ಅದನ್ನು ಓದಿ, ಎರಡು ಸಲ ಹರಿದು ಬುಟ್ಟಿಗೆ ಹಾಕಿದರು. ಆಮೇಲೆ ಅವರು ಹೇಳಿದರು, ಅವನು ಬರೆದ: 'ಲೈಲ್ ಕುಚೆರಾ ವಿಮಾನದಲ್ಲಿ ಸಂತೋಷವಾಗಿದ್ದುದನ್ನು ನಾನು ಎಂದೂ ಕಂಡಿಲ್ಲ. ಈ ಕೆಲಸದಲ್ಲಿ ಸಂತೋಷಪಡುವಂಥದ್ದು ಏನೂ ಇಲ್ಲ.' ಕೆಳಗೆ ಸಹಿ, ತಾರೀಕು.

"ಇದು ಸುಳ್ಳಲ್ವಾ ಆರ್ಡಿತ್?" ಎಂದು ಡೆಲ್ಮಾರ್ ತಲೆ ಕೆರೆದುಕೊಂಡ. ಅವನು ದಿನಕ್ಕೆ ನಲವತ್ತು ಸಲ ನೆಲಕ್ಕೆ ತಾಗುವಷ್ಟು ಕೆಳಗೆ ಹಾರಿ, ಪ್ರತಿ ಸಲವೂ ಗಂಟಲು ಬಿರಿಯುವಂತೆ ಕಿರುಚಿ ಖುಷಿಪಡುವ ಮನುಷ್ಯ.

"ಸುಳ್ಳಲ್ಲ. ಅಳತೆ ಮಾಡಿದ ನಿಜ," ಎಂದರು ಆರ್ಡಿತ್.

ಹತ್ತು ಗಂಟೆ ಐದು ನಿಮಿಷಕ್ಕೆ ಧೂಳೆಬ್ಬಿಸಿಕೊಂಡು ಒಂದು ಬೂದು ಕಾರು ಶೆಡ್ಡಿನ ಮುಂದೆ ಬಂದು ನಿಂತಿತು. ಅದರ ಗಾಜಿನ ತುಂಬ ಅಪ್ಪಚ್ಚಿಯಾದ ಮಿಡತೆಗಳು. ಇಳಿದ ಮಿಸೆಸ್ ಪಚೇಕೊ ಐವತ್ತರ ಆಸುಪಾಸಿನ ಹೆಂಗಸು. ಕಂಕುಳಲ್ಲಿ ಕಡತ, ಕಣ್ಣಿನ ಕೆಳಗೆ ಸಣ್ಣ ಚೀಲಗಳು. ಎರಡೂವರೆ ಗಂಟೆ ಕಾರು ಓಡಿಸಿಕೊಂಡು ಬಂದು, ಇನ್ನೂ ಅಷ್ಟೇ ಹೊತ್ತು ಓಡಿಸಿಕೊಂಡು ಹಿಂದಿರುಗಬೇಕಾದವರ ಮುಖ. ಲೈಲ್‌ಗೆ ಆ ಮುಖ ಕಂಡು ಒಳಗೊಳಗೇ ನೆಂಟಸ್ತಿಕೆ ಹುಟ್ಟಿತು. ಇವರೂ ತನ್ನ ಹಾಗೆಯೇ, ಫಾರಂ ತುಂಬಿ ಸವೆದವರು. ನಗಬೇಕೆನಿಸಿತು. ತೂತು ಎಣಿಸಿದ.

"ಮಿಸ್ಟರ್ ಕುಚೆರಾ?" ಎಂದು ಅವರು ಕೈ ಚಾಚಿ, ಅವನ ಕಪ್ಪು ಕೋಟನ್ನೂ ಪಕ್ಕದಲ್ಲಿ ನಿಂತ ನಾರ್ಬರ್ಟರ ಕಪ್ಪು ಕೋಟನ್ನೂ ನೋಡಿ ದನಿ ತಗ್ಗಿಸಿದರು. "ಬರಬಾರದ ಹೊತ್ತಲ್ಲಿ ಬಂದ್ನಾ?"

"ಇಲ್ಲ ಮೇಡಂ. ನಾನು ಯಾವಾಗಲೂ ಹಿಂಗೇ."

ಶೆಡ್ಡಿನ ನೆರಳಲ್ಲಿ, ಎಣ್ಣೆ ಡಬ್ಬಗಳ ಮೇಲೆ ಕೂತು ವಿಚಾರಣೆ ನಡೆಯಿತು. ಬೆನ್ನು ತೋರಿಸಬಾರದೆಂದು ಲೈಲ್ ಗೋಡೆಗೆ ಹಲ್ಲಿಯಂತೆ ಅಂಟಿಕೊಂಡಿದ್ದ.

"ನೀವು ಯಾಕೆ ಪೈಲಟ್ ಆಗ್ಬೇಕು ಅಂತಿದೀರಿ?"

"ಕೆಲಸ ಬೇಕು ಮೇಡಂ."

"ಅದು ಸರಿ. ಹಾರೋದ್ರಲ್ಲಿ ನಿಮಗೆ ಇಷ್ಟವಾಗೋದು ಏನು?"

ಲೈಲ್‌ನ ಕಣ್ಣ ಮುಂದೆ ಗುರುವಾರದ ಆಕಾಶ ತೆರೆದುಕೊಂಡಿತು. ಏಳು, ಎಂಟು, ಒಂಬತ್ತು. "ಏನೂ ಇಲ್ಲ ಮೇಡಂ."

"ಏನೂ ಇಲ್ವಾ?"

"ಒಂಚೂರೂ ಇಲ್ಲ."

ಮಿಸೆಸ್ ಪಚೇಕೊ ಹುಬ್ಬು ಗಂಟಿಕ್ಕಿ ಡೆಲ್ಮಾರ್‌ನ ಕಡೆ ತಿರುಗಿದರು. "ನೀವು ಇಪ್ಪತ್ತಾರು ವರ್ಷದಿಂದ ಈ ಕೆಲಸದಲ್ಲಿದೀರಿ. ಹೇಗಿದೆ?"

ಡೆಲ್ಮಾರ್ ಬಾಯಿ ತೆರೆದ. ಅವನ ಮುಖ ತಾನಾಗಿ ಅರಳತೊಡಗಿತು. ಆರ್ಡಿತ್ ಕೆಮ್ಮಿದರು. "ನರಕ," ಎಂದ ಡೆಲ್ಮಾರ್ ಗಾಬರಿಯಿಂದ. "ನರಕಾನೇ ಮೇಡಂ. ಸೆಕೆ. ಮದ್ದಿನ ವಾಸನೆ. ಕರೆಂಟಿನ ತಂತಿ ಎಲ್ಲಿ ಬರುತ್ತೋ ಗೊತ್ತಾಗಲ್ಲ. ಊಟ ಸೇರಲ್ಲ. ಹೆಂಡತಿ ಬಿಟ್ಟುಹೋದ್ಲು. ನಾಯಿ ಕೂಡ..." ಶೆಡ್ಡಿನ ಬಾಗಿಲಲ್ಲಿ ಅವನ ನಾಯಿ ಬಾಲವಾಡಿಸುತ್ತ ನಿಂತಿತ್ತು. "...ಸರಿಯಾಗಿ ತಿನ್ನಲ್ಲ," ಎಂದು ಮುಗಿಸಿ, ಪತ್ರವನ್ನು ಅವರ ಕೈಗಿಟ್ಟು ಬೆವರು ಒರೆಸಿಕೊಂಡ.

ಮಿಸೆಸ್ ಪಚೇಕೊ ಪತ್ರವನ್ನು ಎರಡು ಸಲ ಓದಿ ಕಡತದೊಳಗಿಟ್ಟರು. "ಒಂದು ಸುತ್ತು ಹೋಗಿಬನ್ನಿ, ಪೆಡಲ್ ಮೇಲೆ ಕಾಲು ಹೇಗೆ ಕೂರುತ್ತೆ ನೋಡ್ಬೇಕು," ಎಂದರು.

ಎರಡು ಸೀಟಿನ ಹಳೆಯ ಹಳದಿ ವಿಮಾನ ಅದು. ಡೆಲ್ಮಾರ್ ಬಲಕ್ಕೆ, ಲೈಲ್ ಎಡಕ್ಕೆ. ಕೃತಕ ಪಾದ ಪೆಡಲಿನ ಮೇಲೆ ಸರಿಯಾಗಿ ಕೂತಿದ್ದನ್ನು ಮಿಸೆಸ್ ಪಚೇಕೊ ಬಗ್ಗಿ ನೋಡಿ ಗುರುತು ಹಾಕಿಕೊಂಡರು. ವಿಮಾನ ಕುಲುಕಿತು, ಓಡಿತು, ಮತ್ತೆ ನೆಲದ ಸದ್ದು ನಿಂತುಹೋಯಿತು.

ಮೇಲೆ ಹೋದಮೇಲೆ ಡೆಲ್ಮಾರ್ ಎರಡೂ ಕೈ ಎತ್ತಿ ತೊಡೆಯ ಮೇಲಿಟ್ಟುಕೊಂಡ. "ನಿಂದು ಕಣೋ."

ಕೆಳಗೆ ಆಗಸ್ಟ್ ತಿಂಗಳ ಸೂರ್ಯಕಾಂತಿ ಹೊಲಗಳು ಮೈಲಿಗಟ್ಟಲೆ ಒಂದೇ ದಿಕ್ಕಿಗೆ ಮುಖ ಮಾಡಿ ನಿಂತಿದ್ದವು. ಲೈಲ್ ಒಂಚೂರು ಎಡಕ್ಕೆ ವಾಲಿಸಿದ. ವಿಮಾನ ಎದುರು ಪ್ರಶ್ನೆ ಕೇಳದೆ, ಅರ್ಜಿಯ ಮೂರು ಪ್ರತಿ ಬೇಡದೆ, ಸುಮ್ಮನೆ ಎಡಕ್ಕೆ ವಾಲಿತು. ಇಲ್ಲದ ಪಾದದಲ್ಲಿ ಒಂಬತ್ತು ವರ್ಷಗಳಿಂದ ಬಿಡದೆ ಇದ್ದ ತುರಿಕೆಯೊಂದಿತ್ತು. ಕೆರೆದುಕೊಳ್ಳಲು ಜಾಗವಿಲ್ಲದ ತುರಿಕೆ. ಅದು ನಿಂತಿತು. ಅದು ನಿಂತದ್ದು ಗೊತ್ತಾದದ್ದೇ ಅವನ ತುಟಿಯ ಎಡತುದಿ ಎದ್ದಿತು, ಬಲತುದಿ ಎದ್ದಿತು, ಹಲ್ಲೆಲ್ಲ ಗಾಳಿಗೆ ಬಂದವು. ಇಲ್ಲಿ ನೋಡುವವರಾರು? ಹನ್ನೊಂದು ನಿಮಿಷ ಲೈಲ್ ಕುಚೆರಾ ಬಾಯ್ತುಂಬ ನಕ್ಕ. ಡೆಲ್ಮಾರ್ ಅವನನ್ನು ನೋಡಿ ತಾನೂ ನಕ್ಕ, ಮತ್ತೆ ಯಾಕೋ ಕಣ್ಣೊರೆಸಿಕೊಂಡ.

"ಸಾಕು, ಆ ನಗು ಒರೆಸ್ಕೊಳೋ, ಇಳೀತಿದೀವಿ!" ಎಂದು ಅವನು ಕೂಗಿದಾಗ ನೆಲ ಹತ್ತಿರ ಬಂದಿತ್ತು.

ಆದರೆ ನಗು ಇಳಿಯಲಿಲ್ಲ. ಲೈಲ್ ತೂತು ಎಣಿಸಿದ, ಆಗಲಿಲ್ಲ. ಟೈ ಜಗ್ಗಿದ, ಆಗಲಿಲ್ಲ. ಚಕ್ರ ನೆಲ ಮುಟ್ಟುವ ಹೊತ್ತಿಗೆ ಬೇರೆ ದಾರಿಯಿಲ್ಲದೆ ಎರಡೂ ಕೆನ್ನೆಯ ಒಳಭಾಗವನ್ನು ಕಚ್ಚಿ ಹಿಡಿದ. ವಿಮಾನ ಒಮ್ಮೆ ಪುಟಿಯಿತು. ಹಲ್ಲು ಆಳಕ್ಕೆ ಇಳಿಯಿತು.

ಇಳಿಯುವಾಗ ಇನ್ನೊಂದು ಪೇಚು. ರೆಕ್ಕೆಯ ಪಕ್ಕದ ಕಬ್ಬಿಣದ ಮೆಟ್ಟಿಲಿನಲ್ಲಿ ಎಡಬೂಟು ಸಿಕ್ಕಿಕೊಂಡಿತು. ಲೈಲ್ ನೆಲಕ್ಕೆ ಬಂದ, ಕಾಲು ಬರಲಿಲ್ಲ. ಪ್ಯಾಂಟಿನೊಳಗಿಂದ ಕಳಚಿಕೊಂಡ ಕೃತಕ ಕಾಲು, ಒಣಗಲು ಹಾಕಿದ ಕಾಲುಚೀಲದಂತೆ ಮೆಟ್ಟಿಲಿನಿಂದ ತೂಗಾಡುತ್ತ ನಿಂತಿತು.

ಬೇರೆ ದಿನವಾಗಿದ್ದರೆ ಡೆಲ್ಮಾರ್ ನೆಲಕ್ಕೆ ಬಿದ್ದು ಹೊರಳುತ್ತಿದ್ದ. ಇವತ್ತು ಅವನು ಆಕಾಶ ನೋಡಿದ. ಆರ್ಡಿತ್ ಕೈಚೀಲದೊಳಗೆ ತಲೆ ಹಾಕಿದರು. ಮಿಸೆಸ್ ಪಚೇಕೊರ ತುಟಿ ಒಮ್ಮೆ ನಡುಗಿತು. ಸುತ್ತ ಯಾರ ಮುಖವೂ ಅಲುಗದ್ದನ್ನು ಕಂಡು ಅವರು ನಾಚಿ ಗಂಭೀರರಾದರು. ನಾರ್ಬರ್ಟ್ ಒಬ್ಬರೇ ನಿಧಾನವಾಗಿ ಹೆಜ್ಜೆ ಹಾಕಿ, ಎರಡೂ ಕೈಯಲ್ಲಿ ಆ ಕಾಲನ್ನು ಗೌರವದಿಂದ ಬಿಡಿಸಿ ತಂದು, ಮಂಡಿಯೂರಿ ತೊಡಿಸಿ, ಸಡಿಲವಾದ ಲೇಸನ್ನು ಬಿಗಿಯಾಗಿ ಕಟ್ಟಿದರು. ಅವರ ಭುಜ ಹಿಡಿದು ಒಂಟಿಕಾಲಲ್ಲಿ ನಿಂತ ಲೈಲ್‌ನ ಕಣ್ಣಲ್ಲಿ ನೀರು, ತುಟಿಯಂಚಿನಲ್ಲಿ ಒಂದು ಹನಿ ರಕ್ತ.

"ಅಯ್ಯೋ, ನಿಮಗೇನಾಯ್ತು?" ಎಂದರು ಮಿಸೆಸ್ ಪಚೇಕೊ.

ಲೈಲ್ ಬಾಯಿ ಬಿಡುವ ಸ್ಥಿತಿಯಲ್ಲಿರಲಿಲ್ಲ. ಉತ್ತರ ಆರ್ಡಿತ್ ಕೊಟ್ಟರು. "ಏನಿಲ್ಲ ಮೇಡಂ. ಹಾರಿ ಬಂದಾಗೆಲ್ಲ ಹಿಂಗೇ ಅಳ್ತಾನೆ. ಆದ್ರೂ ಕೆಲಸ ಅಂದ್ರೆ ಕೆಲಸ ಅಂತ ಹೋಗ್ತಾನೆ, ಪಾಪ."

ಮಿಸೆಸ್ ಪಚೇಕೊ ಇಬ್ಬರು ಕಪ್ಪು ಕೋಟಿನವರನ್ನೂ ಬಹಳ ಹೊತ್ತು ನೋಡಿದರು. ಏನನ್ನೋ ಬರೆದುಕೊಂಡರು.

ಮಧ್ಯಾಹ್ನ ಎಲ್ಲರೂ ವರ್ನಾಳ ಹೋಟೆಲಿಗೆ ಬಂದರು. ವರ್ನಾ ಸಲಹಾಧಿಕಾರಿಯ ಮುಂದೆ ಚೆರಿ ಹಣ್ಣಿನ ಪೈ ಇಟ್ಟಳು, ಸಾಲದೆಂದು ಇನ್ನೊಂದು ತುಂಡು ಇಟ್ಟಳು. ಲೈಲ್ ಏನೂ ತಿನ್ನಲಿಲ್ಲ. ಕೆನ್ನೆ ಎರಡೂ ಕಡೆ ಬನ್ನಿನಂತೆ ಊದತೊಡಗಿತ್ತು. ಆಗಲೇ ಬಾಗಿಲಲ್ಲಿ ಊರುಗೋಲು ಹಿಡಿದ ಒಬ್ಬ ಮುದುಕಿ ಬಂದು, ಅವನ ಕಪ್ಪು ಕೋಟು ನೋಡಿ ನಿಂತುಬಿಟ್ಟರು.

"ಯಾರು ಹೋದ್ರು ಕಂದಾ?"

"ಯಾರೂ ಇಲ್ಲಮ್ಮ," ಎಂದ ಲೈಲ್, ತೊದಲುತ್ತ.

"ಹೇಳೋಕೂ ಆಗ್ತಿಲ್ಲ ನಿಂಗೆ," ಎಂದು ಮುದುಕಿ ಅಳತೊಡಗಿದರು. ಆ ವಯಸ್ಸಿಗೆ ಯಾರಾದರೊಬ್ಬರು ಹೋಗಿಯೇ ಇರುತ್ತಾರೆ. ಲೈಲ್ ಏನೂ ತೋಚದೆ ಅವರನ್ನು ಮೂಲೆಯ ಕುರ್ಚಿಯಲ್ಲಿ ಕೂರಿಸಿ, ಕೈಗೆ ಕಾಗದದ ಕರವಸ್ತ್ರ ಕೊಟ್ಟು, ಅಳು ನಿಲ್ಲುವ ತನಕ ಪಕ್ಕದಲ್ಲಿ ಸುಮ್ಮನೆ ಕೂತ. ಸುಮ್ಮನೆ ಕೂರುವುದು ಅವನಿಗೆ ಗೊತ್ತಿತ್ತು. ಆಸ್ಪತ್ರೆಗಳು ಕಲಿಸಿದ ವಿದ್ಯೆ ಅದು.

ಅವನು ಅಲ್ಲಿ ಕೂತಿದ್ದಾಗ ಮಿಸೆಸ್ ಪಚೇಕೊ ನಾರ್ಬರ್ಟರತ್ತ ಬಾಗಿ ಏನೋ ಕೇಳಿದರು. ನಾರ್ಬರ್ಟ್ ತಲೆಯಾಡಿಸಿ, ತಮ್ಮ ಕಸುಬಿನಲ್ಲೇ ಇಲ್ಲದಷ್ಟು ಉತ್ಸಾಹದಿಂದ ಏನೋ ಹೇಳಿದರು. ಒಂದು ಸಹಿಯನ್ನೂ ಹಾಕಿಕೊಟ್ಟರು. ದೂರದಿಂದ ನೋಡಿದ ಲೈಲ್‌ಗೆ ಧೈರ್ಯ ಬಂತು. ಒಳ್ಳೆಯ ನಡತೆಗೆ ಸಾಕ್ಷಿ ಕೇಳುತ್ತಿದ್ದಾರೆ, ಕೆಲಸ ಆಯಿತು.

ಅವನು ಹಿಂದಿರುಗಿ ಕೂತಾಗ ಮಿಸೆಸ್ ಪಚೇಕೊ ಕಡತ ತೆರೆದರು.

"ಮಿಸ್ಟರ್ ಕುಚೆರಾ, ಒಂದು ಮಾತು ನೇರವಾಗಿ ಹೇಳ್ಬಿಡ್ತೀನಿ. ನಾನು ಮನೆ ಬಿಡುವಾಗ್ಲೇ ನಿಮ್ಮ ಅರ್ಜಿ ಮೇಲೆ 'ಮಂಜೂರು' ಅಂತ ಬರ್ಕೊಂಡು ಬಂದಿದ್ದೆ." ಹಾಳೆಯನ್ನು ತಿರುಗಿಸಿ ತೋರಿಸಿದರು. ಪೆನ್ಸಿಲಿನಲ್ಲಿ, ದುಂಡು ಅಕ್ಷರದಲ್ಲಿ, ಹಾಗೆಂದು ಬರೆದಿತ್ತು. "ಡಾಕ್ಟರ ಚೀಟಿ ಇದೆ, ಕೆಲಸ ಕೊಡೋರು ಇದಾರೆ. ಒಂದೇ ಒಂದು ಖಾನೆ ಉಳಿದಿತ್ತು. 'ಅಭ್ಯರ್ಥಿಗೆ ಈ ಕಸುಬಿನಲ್ಲಿ ಒಲವಿದೆಯೇ?' ಅದನ್ನ ಆಫೀಸಲ್ಲಿ ಕೂತು ತುಂಬೋಕಾಗಲ್ಲ. ಮುಖ ನೋಡ್ಬೇಕು. ಅದಕ್ಕೇ ಇಷ್ಟು ದೂರ ಬಂದೆ."



"ಆದ್ರೆ... ವಿನೋದಾರ್ಥ..." ಎಂದು ಆರ್ಡಿತ್ ನಾಲ್ಕಾಗಿ ಮಡಚಿದ ಕಾಗದ ಹಿಡಿದು ಕ್ಷೀಣವಾಗಿ ನುಡಿದರು.

"ಅದಾ? ಅದು ಕೆಲಸಕ್ಕೆ ಅಂತಲ್ಲದೆ ಭಾನುವಾರ ಸುತ್ತಾಡೋಕೆ ಕಲಿಯೋರಿಗೆ, ಮೇಡಂ. ಕೆಲಸ ಮಾಡೋರು ಖುಷಿಯಾಗಿರಬಾರದು ಅಂತ ಯಾವ ಕಾನೂನಲ್ಲೂ ಇಲ್ಲ. ಇದ್ದಿದ್ರೆ ಅದನ್ನ ಚಾಚೂ ತಪ್ಪದೆ ಪಾಲಿಸ್ತಿರೋಳು ನಾನೇ." ಮಿಸೆಸ್ ಪಚೇಕೊ ಕಣ್ಣುಜ್ಜಿಕೊಂಡರು. "ಹದಿನಾರು ವರ್ಷ ಆಯ್ತು. ಎಷ್ಟೋ ಜನರನ್ನ ಎಲ್ಲೆಲ್ಲೋ ಸೇರಿಸಿದೀನಿ. ಒಬ್ಬನಾದ್ರೂ ಆ ವಿಮಾನದಿಂದ ನಗ್ತಾ ಇಳಿಯೋದನ್ನ ನೋಡೋಣ ಅಂತ ನನಗೂ ಆಸೆ ಇತ್ತು."

ಚೀಲದಿಂದ ರಬ್ಬರು ತೆಗೆದು 'ಮಂಜೂರು' ಅಳಿಸತೊಡಗಿದರು. ಅಕ್ಷರಗಳು ಒಂದೊಂದಾಗಿ ಪುಡಿಯಾಗಿ ಪೈ ತಟ್ಟೆಯ ಅಂಚಿಗೆ ಉದುರಿದವು.

"ನಕ್ಕೆ ಮೇಡಂ!" ಎಂದ ಲೈಲ್. ಊದಿದ ಕೆನ್ನೆಯಿಂದ ಅದು "ಅಕ್ಕೆ ಏಡಂ" ಎಂದು ಹೊರಬಂತು. "ಮೇಲೆ ನಕ್ಕೆ. ಹನ್ನೊಂದು ನಿಮಿಷ!"

"ನಾನು ನೋಡ್ದೆ! ದವಡೆ ಹಲ್ಲೂ ಕಾಣ್ತಿತ್ತು!" ಎಂದು ಡೆಲ್ಮಾರ್ ಎದ್ದು ನಿಂತ.

ಮಿಸೆಸ್ ಪಚೇಕೊ ಅವನದೇ ಪತ್ರವನ್ನು ಅವನ ಮುಂದೆ ಸರಿಸಿದರು. ಎಂದೂ ಕಂಡಿಲ್ಲ. ಸಹಿ, ತಾರೀಕು. ಡೆಲ್ಮಾರ್ ಕೂತ.

"ನಗೋ!" ಎಂದು ವರ್ನಾ ತಮ್ಮನ ಭುಜ ಹಿಡಿದು ಅಲುಗಾಡಿಸಿದಳು. "ಒಂದ್ಸಲ ತೋರ್ಸೋ ಅವರಿಗೆ! ಬೆಳಿಗ್ಗೆ ನಕ್ಕೆಯಲ್ಲ, ಹಂಗೆ ನಗೋ!"

ಲೈಲ್ ನಗಲು ಹೋದ. ಗುರುವಾರವನ್ನು ನೆನೆದ, ಸೂರ್ಯಕಾಂತಿಯನ್ನು ನೆನೆದ, ತನ್ನೊಳಗೆ ಇದ್ದದ್ದನ್ನೆಲ್ಲ ಸೇರಿಸಿ ತುಟಿಗೆ ತಂದ. ಎಡಗೆನ್ನೆ ಏಳಲಿಲ್ಲ. ಬಲಗೆನ್ನೆ ಅರ್ಧ ಎದ್ದು ನೋವಿಗೆ ಹೆದರಿ ಅಲ್ಲೇ ನಿಂತಿತು. ಒಂದು ಕಣ್ಣು ಮುಚ್ಚಿಕೊಂಡಿತು. ತುಟಿಯ ನಡುವಿನಿಂದ ರಕ್ತ ಹತ್ತಿದ ಎರಡು ಹಲ್ಲು ಇಣುಕಿದವು.

"ಪಾಪ," ಎಂದರು ಮಿಸೆಸ್ ಪಚೇಕೊ, ಅವನ ಕೈ ಮೇಲೆ ಕೈಯಿಟ್ಟು. "ನನಗೋಸ್ಕರ ಕಷ್ಟಪಡಬೇಡಿ. ಕಣ್ಣೀರು ಹಾಕಿಸೋ ಕೆಲಸಕ್ಕೆ ನಿಮ್ಮನ್ನ ಕಳಿಸೋಕೆ ನನ್ನ ಮನಸ್ಸು ಒಪ್ಪಲ್ಲ. ವಿಮಾನದ ಕಡತ ಇವತ್ತಿಗೆ ಮುಚ್ತೀನಿ. ಆದ್ರೆ ನಿಮ್ಮನ್ನ ಬರಿಗೈಲಿ ಬಿಟ್ಟು ಹೋಗ್ತಿಲ್ಲ." ಅವರು ಹೊಸದೊಂದು ಹಾಳೆ ತೆಗೆದರು. ಇದನ್ನು ಪೆನ್ನಿನಲ್ಲಿ ಬರೆದಿದ್ದರು. ಬೆಳಗಿನಿಂದ ಮೊದಲ ಸಲ ಅವರ ಮುಖದ ಮೇಲೆ ಬೆಳಕು ಬಂತು. "ಆ ಸಂಯಮ! ಆ ಮುಖ! ದುಃಖದಲ್ಲಿರೋರ ಪಕ್ಕ ಕೂರೋ ಆ ತಾಳ್ಮೆ! ಇಷ್ಟು ಸರಿಯಾಗಿ ಹೊಂದೋ ಅಭ್ಯರ್ಥಿ ನನಗೆ ಈವರೆಗೂ ಸಿಕ್ಕಿಲ್ಲ. ಅಂತ್ಯಸಂಸ್ಕಾರದ ಕಸುಬು. ಎರಡು ವರ್ಷದ ಕಲಿಕೆ, ಪೂರ್ತಿ ಸವಲತ್ತು. ಕಲಿತು ಬಂದ ದಿನವೇ ಕೆಲಸ ಕೊಡ್ತೀನಿ ಅಂತ ಮಿಸ್ಟರ್ ನಾರ್ಬರ್ಟ್ ಸಹಿ ಕೂಡ ಹಾಕಿಕೊಟ್ಟಿದಾರೆ. ನೀವೊಂದು ಸಹಿ ಹಾಕಿ ಕಳಿಸಿದ್ರೆ ಆಯ್ತು."

ಎಲ್ಲರೂ ನಾರ್ಬರ್ಟರ ಕಡೆ ತಿರುಗಿದರು. ಅವರ ಕಿವಿ ಕೆಂಪಾಗಿತ್ತು.

"ಇವನು ಹೇಗೆ ಅಂತ ಕೇಳಿದ್ರು," ಎಂದರು ಅವರು ನೆಲ ನೋಡುತ್ತ. "ಇದ್ದಿದ್ದು ಇದ್ದಂಗೆ ಹೇಳ್ದೆ, ಮಗಾ."

ಮಿಸೆಸ್ ಪಚೇಕೊ ಎಲ್ಲರ ಕೈ ಕುಲುಕಿ, ಪೈ ಚೆನ್ನಾಗಿತ್ತೆಂದು ಹೇಳಿ, ಮಿಡತೆ ಮೆತ್ತಿದ ಕಾರು ಹತ್ತಿ ಹೊರಟರು. ಧೂಳು ಎದ್ದಿತು, ಇಳಿಯಿತು. ಇಲ್ಲದ ಪಾದದಲ್ಲಿ ತುರಿಕೆ ಮತ್ತೆ ಶುರುವಾಗಿತ್ತು.

"ಆ ಕೋಟು ನೀನೇ ಇಟ್ಕೋ," ಎಂದರು ನಾರ್ಬರ್ಟ್, ಸಮಾಧಾನಕ್ಕೆ.

ಲೈಲ್ ತನ್ನ ತೋಳು ನೋಡಿಕೊಂಡ. ಬೆನ್ನ ಮೇಲಿನ ಲಾಡಿ ಮುಟ್ಟಿಕೊಂಡ. ಆಗ ಹೊಟ್ಟೆಯ ಯಾವುದೋ ತಳದಿಂದ ಅದು ಎದ್ದು ಬಂತು. ಕೆನ್ನೆಯ ನೋವನ್ನೂ ಲೆಕ್ಕಿಸದೆ, ಕುರ್ಚಿ ಹಿಡಿದುಕೊಂಡು, ಕಣ್ಣಲ್ಲಿ ನೀರು ಸುರಿಸುತ್ತ, ಲೈಲ್ ಕುಚೆರಾ ಬಿದ್ದು ಬಿದ್ದು ನಗತೊಡಗಿದ. ಆರ್ಡಿತ್ ಹೆದರಿ ಕೈಚೀಲ ಎದೆಗೊತ್ತಿಕೊಂಡರು. ವರ್ನಾ ರಸ್ತೆಗೆ ಓಡಿ, ಖಾಲಿ ದಾರಿಗೆ "ಮೇಡಂ! ಮೇಡಂ!" ಎಂದು ಕೂಗಿ ಹಿಂದಿರುಗಿದಳು. ಮೂಲೆಯ ಮುದುಕಿ ಊರುಗೋಲು ನೆಲಕ್ಕೆ ಕುಟ್ಟಿದರು. "ಶ್! ಸಾವಿನ ಮನೇಲಿ ಹಿಂಗಾ ನಗೋದು?"

ನಾರ್ಬರ್ಟ್ ಸದ್ದಿಲ್ಲದೆ ಪಕ್ಕಕ್ಕೆ ಬಂದು ಅವನ ಭುಜದ ಮೇಲೆ ಕೈಯಿಟ್ಟರು.

"ತೂತು, ಮಗಾ," ಎಂದರು ಪಿಸುದನಿಯಲ್ಲಿ. "ಲೇಸಿನ ತೂತು."

ಲೈಲ್ ತಲೆ ಬಗ್ಗಿಸಿದ. ಎಡಬೂಟಿನ ಲೇಸಿನ ಮೇಲೆ ನಾರ್ಬರ್ಟ್ ಕಟ್ಟಿದ್ದ ಗಂಟಿತ್ತು, ಇನ್ನೆಂದೂ ಬೂಟು ಬಿಚ್ಚಬೇಕಿಲ್ಲದವರಿಗೆ ಕಟ್ಟಿ ಕಟ್ಟಿ ಕೈಗೆ ಕೂತ ಗಂಟು. ಅದನ್ನೇ ನೋಡುತ್ತ ಅವನು ಎಣಿಸತೊಡಗಿದ. ಒಂದು. ಎರಡು. ಮೂರು.